ಅಪ್ಪನ ಹಿಂದಿನ ಇರುವೆಗಳು

ನಮ್ಮಪ್ಪನಿಗೆ ಹಿಂದೆ ತಿರುಗಿ ನೋಡುವ ಅಭ್ಯಾಸವಿರಲಿಲ್ಲ. ಹಾಗಾಗಿ ಅವನ ಹಿಂದೆ ಇರುವೆ ಬಿದ್ದ ವಿಷಯ ಊರಿಗೆಲ್ಲ ತಿಳಿದು ಒಂಬತ್ತು ದಿನಗಳಾದ ಮೇಲೆ ಅವನಿಗೆ ತಿಳಿಯಿತು.

ನಮ್ಮ ಊರಿನಲ್ಲಿ ಯಾರ ರಕ್ತದಲ್ಲಿ ಸಕ್ಕರೆ ಹೆಚ್ಚುತ್ತದೋ ಅವರ ಹಿಂದೆ ಇರುವೆಗಳು ಸಾಲುಗಟ್ಟಿ ನಡೆಯುತ್ತವೆ. ಕಚ್ಚುವುದಿಲ್ಲ, ಮೈಮೇಲೆ ಹತ್ತುವುದಿಲ್ಲ. ಹಿಮ್ಮಡಿಯಿಂದ ಒಂದು ಗೇಣು ಜಾಗ ಬಿಟ್ಟು, ನೀವು ನಡೆದರೆ ನಡೆಯುತ್ತವೆ, ನಿಂತರೆ ನಿಲ್ಲುತ್ತವೆ. ಬಸ್ಸು ಹತ್ತಿ ತಪ್ಪಿಸಿಕೊಂಡೆ ಎಂದುಕೊಂಡರೆ ಇಳಿಯುವ ಕಡೆ ಅಲ್ಲಿಯವು ಕಾದಿರುತ್ತವೆ. ಸಕ್ಕರೆ ಏರಿದಷ್ಟೂ ಸಾಲು ಉದ್ದ. ಒಂದು ಮೊಳದ ಸಾಲಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮಗಳ ಮದುವೆ ಮಾಡಿದವರಿಗೆಲ್ಲ ಅಷ್ಟು ಇದ್ದದ್ದೇ ಅನ್ನುತ್ತಾರೆ. ಮನೆಗೆ ಬಂದವರು ಹೊಸ್ತಿಲ ಹೊರಗೆ ಮೂರು ಸಲ ಕಾಲು ಕುಟ್ಟಿ, ತಮ್ಮ ಸಾಲನ್ನು ಹೊರಗೇ ನಿಲ್ಲಿಸಿ ಒಳಗೆ ಬರುವುದು ಮರ್ಯಾದೆ. ಹೆಣ್ಣು ನೋಡಲು ಬಂದವರಲ್ಲಿ ಒಬ್ಬನಾದರೂ ಎಲೆ ಅಡಿಕೆ ಉಗಿಯುವ ನೆಪದಲ್ಲಿ ಎದ್ದು ಹೋಗಿ, ಹೆಣ್ಣಿನ ಅಪ್ಪನ ಸಾಲು ಎಷ್ಟು ಗೇಣಿದೆ ಎಂದು ಅಳೆದು ಬರುತ್ತಾನೆ. ಮದುವೆ ಊಟದಲ್ಲಿ ಮೊದಲ ಪಂಕ್ತಿ ಸಾಲಿಲ್ಲದವರಿಗೆ, ಕೊನೆಯ ಪಂಕ್ತಿ ಮಾರುದ್ದದ ಸಾಲಿನವರಿಗೆ. ಕೊನೆಯ ಪಂಕ್ತಿಗೆ ಉಳಿದ ಹೋಳಿಗೆಯನ್ನೆಲ್ಲ ಒತ್ತಾಯ ಮಾಡಿ ಬಡಿಸುತ್ತಾರೆ. ಇದರಲ್ಲಿ ಏನೋ ತಪ್ಪಿದೆ ಎಂದು ಯಾರಿಗೂ ಹೊಳೆದದ್ದನ್ನು ನಾನು ಕಂಡಿಲ್ಲ.

ನಾನು ಹೊರಗೆ ಹಾಸ್ಟೆಲಿನಲ್ಲಿ ಮೂರು ವರ್ಷ ಇದ್ದು ಓದಿ ಬಂದವಳು. ಅಲ್ಲಿಯ ಲೈಬ್ರರಿಯಲ್ಲಿ ಗೆದ್ದಲು ಅರ್ಧ ತಿಂದು ಬಿಟ್ಟಿದ್ದ ಒಂದು ನರ್ಸಿಂಗ್ ಪುಸ್ತಕವಿತ್ತು. ಬೇರೆ ಊರುಗಳಲ್ಲಿ ಜನ ಬೆನ್ನ ಹಿಂದೆ ಏನೂ ಇಲ್ಲದೆ ಇದೇ ಕಾಯಿಲೆಯಲ್ಲಿ ಸಾಯುತ್ತಾರೆ ಎಂಬುದು ನನಗೆ ಆ ಪುಸ್ತಕದಿಂದ ತಿಳಿಯಿತು. ಊರಿಗೆ ಬಂದು ಹೇಳಿದಾಗ ಅವ್ವ, "ಪಾಪ, ಅವರಿಗೆ ಯಾರು ಹೇಳ್ತಾರೆ ಹಂಗಾದ್ರೆ?" ಅಂದಿದ್ದಳು. ಇರುವೆ ಸುಳ್ಳು ಹೇಳುವುದಿಲ್ಲ ಎಂಬುದು ನಮ್ಮಲ್ಲಿ ಗಾದೆಯೂ ಹೌದು, ಕಾನೂನೂ ಹೌದು.

ಅಪ್ಪ, ಕೊಟ್ರಪ್ಪ ಮೇಷ್ಟ್ರು, ಹೈಸ್ಕೂಲಿನ ಪಿ.ಟಿ. ಮಾಸ್ತರು. ಇಪ್ಪತ್ತೈದನೇ ವಯಸ್ಸಿನಲ್ಲಿ ದಿನಕ್ಕೆ ಹತ್ತು ಮೈಲಿ ಓಡುತ್ತಿದ್ದನಂತೆ. ಐವತ್ತನಾಲ್ಕಕ್ಕೆ ಓಟ ಬಿಟ್ಟು ಸೀಟಿ ಊದುವುದು ಮಾತ್ರ ಉಳಿದಿತ್ತು. ಊಟ ಮಾತ್ರ ಹತ್ತು ಮೈಲಿಯದೇ. ಮಧ್ಯಾಹ್ನ ತಟ್ಟೆಯಲ್ಲಿ ಅನ್ನದ ಗುಡ್ಡ, ಸಂಜೆ ಒಂದು ಸೇರು ಮಂಡಕ್ಕಿಗೆ ನಾಲ್ಕು ಮೆಣಸಿನಕಾಯಿ ಬಜ್ಜಿ, ಅದರ ಖಾರ ಇಳಿಯಲು ಮೂರು ಚಮಚ ಸಕ್ಕರೆಯ ಚಹಾ, ಅದೂ ಎರಡು ಸಲ. "ಆಟಗಾರನ ಮೈ" ಎಂದು ಹೊಟ್ಟೆಯ ಮೇಲೆ ಕೈಯಾಡಿಸುತ್ತಿದ್ದ.

ಒಂದು ದಿನ ಬೆಳಗಿನ ಪ್ರಾರ್ಥನೆಗೆ ಮಕ್ಕಳನ್ನು ನಿಲ್ಲಿಸಿ, "ಸಾಲು ನೆಟ್ಟಗಿರಲಿ!" ಎಂದು ಅಪ್ಪ ಕೂಗುತ್ತಿದ್ದಾಗ ಹೆಡ್ಮಾಸ್ಟರು ಹತ್ತಿರ ಬಂದು, "ಕೊಟ್ರಪ್ಪನೋರೇ, ಹುಡುಗರ ಸಾಲಿಗಿಂತ ನಿಮ್ಮ ಹಿಂದಿಂದು ನೆಟ್ಟಗೈತೆ" ಅಂದರು. ಅಪ್ಪ ಆಗ ತಿರುಗಿ ನೋಡಿದ. ಇಪ್ಪತ್ತೆರಡು ಅಡಿ. ಡ್ರಾಯಿಂಗ್ ಮಾಸ್ತರು ಸ್ಕೇಲು ಹಿಡಿದು ಅಳೆದು ಕೊಟ್ಟ ಲೆಕ್ಕ.

ಅಪ್ಪನಿಗೆ ಕಾಯಿಲೆಯ ಚಿಂತೆ ಹತ್ತಲಿಲ್ಲ, ಪಥಸಂಚಲನದ ಚಿಂತೆ ಹತ್ತಿತು. ಶಾಲೆಯ ಕ್ರೀಡಾದಿನದಂದು ಊರೆಲ್ಲ ಮೈದಾನಕ್ಕೆ ಬರುತ್ತದೆ. ಆರುನೂರು ಮಕ್ಕಳ ಮುಂದೆ ಧ್ವಜ ಹಿಡಿದು ಇಪ್ಪತ್ತೇಳು ವರ್ಷಗಳಿಂದ ಅವನೇ ನಡೆದಿದ್ದ. ಆದರೆ ಆರು ಅಡಿಗಿಂತ ಉದ್ದ ಸಾಲಿನವರು ಮುಂದೆ ನಡೆಯುವಂತಿಲ್ಲ. ಹಿಂದೆ ಬರುವ ಮಕ್ಕಳು ಇರುವೆ ತುಳಿದು, ತುಳಿಸಿಕೊಂಡವು ಕಚ್ಚಿ, ಒಂದು ವರ್ಷ ಪಥಸಂಚಲನ ದಿಕ್ಕಾಪಾಲಾಗಿ ಓಡಿದ ಮೇಲೆ ಮಾಡಿದ ನಿಯಮ ಅದು. "ಮೂರು ತಿಂಗಳೈತೆ. ಆರಡಿಗೆ ಇಳಿಸ್ಕೊಳ್ರಿ, ಇಲ್ಲಾಂದ್ರೆ ಈ ಸಲ ಧ್ವಜ ಡ್ರಾಯಿಂಗ್ ಮಾಸ್ತರಿಗೆ" ಅಂದರು ಹೆಡ್ಮಾಸ್ಟರು. ಡ್ರಾಯಿಂಗ್ ಮಾಸ್ತರು ನಡೆಯುವಾಗ ಮೊಣಕಾಲು ಮಡಚುತ್ತಾರೆ. ಅಪ್ಪನ ಪ್ರಕಾರ ಮನುಷ್ಯನೊಬ್ಬ ಅದಕ್ಕಿಂತ ಕೀಳಾಗುವುದು ಸಾಧ್ಯವಿಲ್ಲ.

ಅವ್ವ ಮತ್ತು ನಾನು ಅವನನ್ನು ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರ್ ನಸೀಮಾ ರಕ್ತ ನೋಡಿದರು. ಆಮೇಲೆ ಅಪ್ಪನಿಗೆ ಕಣ್ಣು ಮುಚ್ಚಲು ಹೇಳಿ ಪಾದವನ್ನು ಪೆನ್ನಿನ ತುದಿಯಿಂದ ಮುಟ್ಟಿದರು.

"ಈಗ ಯಾವ ಕಾಲು ಮುಟ್ತಿದೀನಿ ಹೇಳಿ ಮೇಷ್ಟ್ರೇ."

"ಮುಟ್ರಿ, ಆಮೇಲೆ ಹೇಳ್ತೀನಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ. ಅನ್ನ ಈಗ ತಿನ್ನೋದರಲ್ಲಿ ಕಾಲು ಭಾಗ. ಪಲ್ಯ, ಕಾಳು, ಮೊಟ್ಟೆ ಜಾಸ್ತಿ. ಚಹಾಕ್ಕೆ ಸಕ್ಕರೆ ಬೇಡ. ದಿನಾ ಮುಕ್ಕಾಲು ಗಂಟೆ ನಡೀರಿ. ದಿನಾ ಒಂದು ಸಲ ಕನ್ನಡಿ ಇಟ್ಕೊಂಡು ಅಂಗಾಲು ನೋಡ್ಕೊಳ್ಳಿ. ನಿಮ್ಮ ಪಾದಕ್ಕೆ ನೋವು ಗೊತ್ತಾಗ್ತಿಲ್ಲ. ಗಾಯ ಆದರೆ ಅದು ನಿಮಗೆ ಹೇಳಲ್ಲ."

"ಅಷ್ಟೇನಾ?" ಎಂದ ಅಪ್ಪ. ಅವನಿಗೆ ನಿರಾಸೆಯಾಗಿತ್ತು. ಹೊರಗೆ ಬಂದು, "ಇದನ್ನ ಹೇಳೋಕೆ ಡಾಕ್ಟ್ರು ಓದಬೇಕಾ? ನಮ್ಮ ಮೈಲಕ್ಕ ಹೇಳ್ತಾಳೆ" ಅಂದ.

ಅದು ನಿಜವೇ. ಮೈಲಕ್ಕ ಶಾಲೆಯ ಬಿಸಿಯೂಟದ ಅಡುಗೆಯವಳು. ಅವಳ ಹಿಂದೆ ಒಂದು ಕಾಲಕ್ಕೆ ಮೂವತ್ತು ಅಡಿ ಇರುವೆಗಳಿದ್ದವು. ಎರಡು ವರ್ಷ ಅನ್ನ ಕಡಿಮೆ ಮಾಡಿ, ಮಾತ್ರೆ ನುಂಗಿ, ಕೆರೆಯ ತನಕ ನಡೆದು ಬಂದು, ಈಗ ಅವಳ ಹಿಂದೆ ನಾಲ್ಕೇ ಇರುವೆ ಉಳಿದಿದ್ದವು. ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಇನ್ನು ಸಂಕಲ್ಪ ಸರ್. ಅವರ ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ. ಆ ತಿಂಗಳೇ ಊರಿಗೆ ಬಂದು ಕಲ್ಯಾಣ ಮಂಟಪದಲ್ಲಿ 'ಮನಃಪಥ್ಯ ಶಿಬಿರ' ತೆರೆದರು. ಬಿಳಿ ಪ್ಯಾಂಟು, ಬಿಳಿ ಶರ್ಟು, ಕಿವಿಗೆ ಅಂಟಿದ ಮೈಕು. ಅವರ ಹಿಂದೆ ಒಂದೂ ಇರುವೆ ಇರಲಿಲ್ಲ. ಮೊದಲ ದಿನವೇ ಅಪ್ಪ ನನ್ನನ್ನೂ ಎಳೆದುಕೊಂಡು ಹೋದ. ಹೊರಗೆ ಅಂಗಳದ ತುಂಬ ಬೇರೆ ಬೇರೆ ಮನೆಯ ಸಾಲುಗಳು ತಮ್ಮ ತಮ್ಮವರಿಗಾಗಿ ಕಾದು ನಿಂತಿದ್ದವು.

"ಇರುವೆ ಯಾಕೆ ಬರುತ್ತೆ?" ಎಂದು ಕೇಳಿದರು ಸಂಕಲ್ಪ ಸರ್. "ಸಕ್ಕರೆಗೆ ಅಂತೀರಿ. ತಪ್ಪು! ನೀವು ಒಳಗೆ ಸಿಹಿಯಾಗಿದ್ದೀರಿ, ಅದಕ್ಕೆ. ಎಲ್ಲರಿಗೂ ಹೂಂ ಅಂದಿರಿ. ಎಲ್ಲರನ್ನೂ ಮೆಚ್ಚಿಸಿದಿರಿ. ಆ ಸಿಹಿ ಎಲ್ಲಿ ಹೋಗುತ್ತೆ? ರಕ್ತಕ್ಕೆ! ಮನಸ್ಸು ಕಹಿಯಾದರೆ ರಕ್ತ ಕಹಿಯಾಗುತ್ತೆ. ಎಲ್ಲರೂ ಹೇಳಿ, ನಾನು ಕಹಿ!"

"ನಾನು ಕಹಿ!" ಎಂದು ನಾನೂರು ಜನ ಕೂಗಿದರು.

ಆಮೇಲೆ ಗುಣವಾದವರು ಯಾರಾದರೂ ವೇದಿಕೆಗೆ ಬನ್ನಿ ಎಂದು ಕರೆದಾಗ ಜನ ಮೈಲಕ್ಕನನ್ನು ನೂಕಿದರು. ಅವಳು ಮೈಕನ್ನು ಸೌಟಿನಂತೆ ಹಿಡಿದು, "ಅನ್ನ ಕಮ್ಮಿ ಮಾಡಿದೆ, ಮಾತ್ರೆ ನುಂಗಿದೆ, ನಡೆದೆ" ಅಂದಳು. ಸರ್ ಕಾದರು. ಅವಳಿಗೆ ಇನ್ನೇನೂ ಹೇಳುವುದಿರಲಿಲ್ಲ. "ಈ ತಾಯಿಗೆ ಗೊತ್ತಿಲ್ಲದೇ ಇವರ ಮನಸ್ಸು ಕಹಿಯಾಗಿತ್ತು!" ಎಂದು ಅವರು ಮೈಕು ಕಿತ್ತುಕೊಂಡರು. ಚಪ್ಪಾಳೆ ಬಿತ್ತು. ಮೈಲಕ್ಕ ಕೆಳಗಿಳಿದು ಬಂದು ನನ್ನ ಪಕ್ಕ ಕೂತು, "ನಾನೇನು ಅಷ್ಟು ಕೆಟ್ಟೋಳೇನವ್ವ ವನಜಾ?" ಎಂದು ಪಿಸುಗುಟ್ಟಿದಳು.

ಶಿಬಿರದಲ್ಲಿ ಒಂದು ಊಟದ ಪಟ್ಟಿಯೂ ಇತ್ತು. ರಾಗಿ, ಹಾಗಲಕಾಯಿ, ಮೆಂತ್ಯ, ಸೊಪ್ಪು, ಕಾಳು. ಅನ್ನ ಇಲ್ಲ, ಸಕ್ಕರೆ ಇಲ್ಲ. ಅದರಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ಅದು ಡಾಕ್ಟರ್ ನಸೀಮಾ ಹೇಳಿದ್ದೇ, ಬಣ್ಣದ ಕಾಗದದಲ್ಲಿ. ಅಪ್ಪ ಅದನ್ನು ಚಾಚೂ ತಪ್ಪದೆ ಪಾಲಿಸಿದ. ಮಾತ್ರೆಯನ್ನೂ ನುಂಗಿದ, ಮುಂಜಾನೆ ಮೈದಾನಕ್ಕೆ ಎಂಟು ಸುತ್ತು ಬಂದ. ಒಂದು ತಿಂಗಳಿಗೆ ಇಪ್ಪತ್ತೆರಡು ಅಡಿ ಹನ್ನೊಂದಕ್ಕೆ ಇಳಿಯಿತು. ಇದರ ಕೀರ್ತಿ ರಾಗಿಗೆ ಹೋಗಲಿಲ್ಲ, ನಡಿಗೆಗೆ ಹೋಗಲಿಲ್ಲ, 'ನಾನು ಕಹಿ'ಗೆ ಹೋಯಿತು.

ಊರಿಗೂ ಹಾಗೇ ಆಯಿತು. ಕಹಿಯಾಗುವುದು ಹಾಗಲಕಾಯಿ ತಿನ್ನುವುದಕ್ಕಿಂತ ಸುಲಭ ಎಂಬುದನ್ನು ಜನ ಬೇಗ ಕಂಡುಕೊಂಡರು. ಮನೆಗೆ ಬಂದವರಿಗೆ "ಯಾಕೆ ಬಂದ್ರಿ?" ಎಂದು ಕೇಳುವುದು ಆರೋಗ್ಯವಾಯಿತು. ಕಿರಾಣಿ ಅಂಗಡಿಯವನು ಬೆಲ್ಲ ಕೇಳಿದವರಿಗೆ, "ನಿಮ್ಮ ಮುಖಕ್ಕೆ ಬೆಲ್ಲ ಬೇರೆ ಕೇಡು" ಎಂದು ಹೇಳಿ, ಬೆಲ್ಲ ಕಟ್ಟಿಕೊಡುತ್ತಿದ್ದ. ಸೊಸೆಯಂದಿರಿಗೆ ಅತ್ತೆಯರು ಮೊದಲೂ ಬಯ್ಯುತ್ತಿದ್ದರು. ಈಗ ಬೈದು ಮುಗಿಸಿ, ಹಿಂದೆ ತಿರುಗಿ, ಎಷ್ಟು ಇರುವೆ ಕಡಿಮೆಯಾದವು ಎಂದು ನೋಡಿಕೊಳ್ಳುತ್ತಿದ್ದರು. ಅಪ್ಪ ದಿನಾ ಊಟಕ್ಕೆ ಮೊದಲು ಅವ್ವನನ್ನು ಹತ್ತು ನಿಮಿಷ ಬಯ್ಯುವ ಅಭ್ಯಾಸ ಇಟ್ಟುಕೊಂಡ. ಅವ್ವ ಒಂದು ವಾರ ಕೇಳಿದಳು. ಎಂಟನೇ ದಿನ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, "ಅಲ್ರೀ, ಇಪ್ಪತ್ತೆಂಟು ವರ್ಷದಿಂದ ನೀವು ಈ ಮನೇಲಿ ಒಂದು ಸಿಹಿ ಮಾತು ಆಡಿಲ್ಲ. ಹಂಗಾದ್ರೆ ನಿಮಗೆ ಸಕ್ಕರೆ ಎಲ್ಲಿಂದ ಬಂತು?" ಎಂದು ಕೇಳಿದಳು.

"ನೆಗೆಟಿವ್! ಈ ಮನೇಲಿ ಎಲ್ಲಾ ನೆಗೆಟಿವ್!" ಎಂದು ಅಪ್ಪ ತಟ್ಟೆ ಸರಿಸಿ ಎದ್ದ.

ಎರಡನೆಯ ತಿಂಗಳು ಶಿಬಿರದ 'ಎರಡನೇ ಹಂತ' ಶುರುವಾಯಿತು. ಮಾತ್ರೆ ಎಂದರೆ ಭಯ, ಮಾತ್ರೆ ನುಂಗುವವನು ದಿನಕ್ಕೆ ಎರಡು ಸಲ ತನ್ನನ್ನು ರೋಗಿ ಎಂದು ಕರೆದುಕೊಳ್ಳುತ್ತಾನೆ ಎಂದು ಸಂಕಲ್ಪ ಸರ್ ಹೇಳಿದರು. ಪಥ್ಯವೂ ಮೊದಲ ಹಂತದವರಿಗೆ ಮಾತ್ರ. ಮನಸ್ಸು ಪಕ್ವವಾದವನಿಗೆ ಜಿಲೇಬಿಯೂ ಹಾಗಲಕಾಯಿಯಂತೆಯೇ. ಮನಸ್ಸನ್ನು ಕಹಿಯ ನೆನಪಿನಲ್ಲಿಡಲು ಪ್ರತಿಯೊಬ್ಬರಿಗೂ ಒಂದು ಜೊತೆ 'ಕಹಿ ಪಟ್ಟಿ' ಕೊಟ್ಟರು. ಬೇವಿನ ಹಿಂಡಿ, ಕರ್ಪೂರ, ಇನ್ನೇನೇನೋ ತುಂಬಿ ಹೊಲಿದ ಬಟ್ಟೆಯ ಪಟ್ಟಿ. ಅದನ್ನು ಚಪ್ಪಲಿಯೊಳಗೆ, ಶೂಗಳೊಳಗೆ ಇಟ್ಟುಕೊಂಡು ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ನಡೆಯಬೇಕು.

ಎರಡೇ ದಿನಕ್ಕೆ ಅಪ್ಪನ ಇರುವೆಗಳು ಮಾಯವಾದವು. ಹನ್ನೊಂದು ಅಡಿಯಲ್ಲಿ ಒಂದೂ ಉಳಿಯಲಿಲ್ಲ. ಬೀದಿ ಬೀದಿಯಲ್ಲಿ ಹಾಗೇ ಆಯಿತು. ಅಡಿಗೆಮನೆಯ ಗೂಡಿಗೆ ಬೇವು ಕರ್ಪೂರ ಇಟ್ಟರೆ ಇರುವೆ ಹತ್ತಿರ ಸುಳಿಯುವುದಿಲ್ಲ ಎಂಬುದು ಊರಿನ ಪ್ರತಿ ಹೆಂಗಸಿಗೂ ಗೊತ್ತು. ಅದೇ ಹೆಂಗಸರು ಗಂಡಂದಿರ ಬೆನ್ನ ಹಿಂದಿನ ಬರಿ ನೆಲ ನೋಡಿ ಕಣ್ಣೀರು ಒರೆಸಿಕೊಂಡರು. ನಾನು ಅಪ್ಪನಿಗೆ ಹೇಳಿದೆ: "ಅದು ಕರ್ಪೂರದ ವಾಸನೆಗೆ ಓಡಿ ಹೋಗಿರೋದು. ಸಕ್ಕರೆ ಹೋಗಿಲ್ಲ."

"ಹಾಸ್ಟೆಲಿನಾಗೆ ಇದನ್ನೇ ಕಲಿಸಿದ್ರಾ? ಅಪ್ಪ ಚೆನ್ನಾಗಾದ್ರೆ ಹೊಟ್ಟೆ ಉರಿಯೋದು?"

ನಾನು ಒಂದು ಸಲ ಹೇಳಿದೆ. ಎರಡನೆಯ ಸಲ ಹೇಳಲಿಲ್ಲ. ನನ್ನ ಮಾತು ಸರಿ ಎಂದು ನನಗೆ ಗೊತ್ತಿತ್ತು, ನನಗೆ ಅಷ್ಟು ಸಾಕಾಗಿತ್ತು.

ಅಪ್ಪ ಶಿಸ್ತಿನ ಮನುಷ್ಯ. ಬೇರೆಯವರು ಮಲಗುವಾಗ ಚಪ್ಪಲಿ ಬಿಡುತ್ತಿದ್ದರು, ಅವನು ಕ್ಯಾನ್ವಾಸ್ ಶೂ ಹಾಕಿಕೊಂಡೇ ಮಲಗುತ್ತಿದ್ದ. ಸ್ನಾನಕ್ಕೆ ಹೋಗುವಾಗ ಪಾದಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳುತ್ತಿದ್ದ. ನಡೆಯುವಾಗ ಪಟ್ಟಿ ಜರುಗುತ್ತದೆ ಎಂದು, ಓಟದ ಮಕ್ಕಳ ಎದೆಗೆ ನಂಬರು ಚುಚ್ಚುವ ಪಿನ್ನುಗಳನ್ನು ತಂದು, ಒಂದೊಂದು ಶೂವಿಗೆ ಎರಡೆರಡು ಚುಚ್ಚಿ ಭದ್ರ ಮಾಡಿದ. ಅನ್ನದ ಗುಡ್ಡ ತಟ್ಟೆಗೆ ಮರಳಿ ಬಂತು. ಮಂಡಕ್ಕಿ, ಬಜ್ಜಿ, ಚಹಾ ಬಂದವು. ಹಾಗಿದ್ದೂ ಅವನು ತೆಳ್ಳಗಾಗುತ್ತಲೇ ಹೋದ. ಶರ್ಟು ಜೋಲು ಬಿತ್ತು, ಬೆಲ್ಟಿಗೆ ಹೊಸ ತೂತು ಹೊಡೆದ. ನೀರು ಕುಡಿಯುತ್ತಿದ್ದ, ಕೊಡಗಟ್ಟಲೆ. ಬೀದಿಯಲ್ಲಿ ಜನ ನಿಲ್ಲಿಸಿ, "ಏನ್ ಮೇಷ್ಟ್ರೇ, ಕಾಲೇಜು ಹುಡುಗ ಆಗಿಬಿಟ್ರಿ!" ಅನ್ನುತ್ತಿದ್ದರು. ತಿಂದದ್ದು ಮೈಗೆ ಹತ್ತದೆ ಮನುಷ್ಯ ಕರಗುವುದು ಈ ಕಾಯಿಲೆ ಏರಿದ್ದರ ಗುರುತು ಎಂದು ಗೆದ್ದಲು ಬಿಟ್ಟಿದ್ದ ಅರ್ಧ ಪುಸ್ತಕದಲ್ಲೇ ಇತ್ತು.

ಗುಡಿಸುವಾಗ ಮಂಚದ ಕೆಳಗೆ ಬಿಚ್ಚದ ಮಾತ್ರೆಯ ಪಟ್ಟಿಗಳು ಅವ್ವನಿಗೆ ಸಿಕ್ಕವು. ಅವಳು ಕೂಗಾಡಲಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡು, ಅಪ್ಪನಿಗೆ ನಂಟರ ಮನೆ ಎಂದು ಸುಳ್ಳು ಹೇಳಿ ಆಸ್ಪತ್ರೆಗೆ ಕರೆತಂದಳು. ನಾನೂ ಜೊತೆಗಿದ್ದೆ. ಡಾಕ್ಟರ್ ನಸೀಮಾ ಬೆರಳು ಚುಚ್ಚಿ ನೋಡಿ ಮಿಷನ್ನನ್ನು ಅಪ್ಪನ ಕಡೆ ತಿರುಗಿಸಿದರು. ನಾಲ್ಕುನೂರ ಮೂವತ್ತೊಂದು.

"ಮಿಷನ್ನು ಕೆಡ್ತದೆ ಡಾಕ್ಟ್ರೇ," ಎಂದ ಅಪ್ಪ ಸಮಾಧಾನವಾಗಿ. "ಇರುವೆ ಕೆಡಲ್ಲ. ಹಿಂದೆ ನೋಡ್ರಿ, ಒಂದಾದ್ರೂ ಐತಾ?"

"ಮೇಷ್ಟ್ರೇ, ಶೂ ಬಿಚ್ಚಿ. ಕಾಲು ನೋಡ್ತೀನಿ."

"ಮಂಡಲ ಮುಗಿಯೋಕೆ ಇನ್ನ ಹನ್ನೊಂದು ದಿನ ಐತೆ. ಮುಗಿದ ದಿನಾನೇ ಕ್ರೀಡಾದಿನ. ಅವತ್ತು ಬಿಚ್ತೀನಿ, ಬೇಕಾದ್ರೆ ನೀವೇ ಬಂದು ನೋಡ್ರಿ."

"ಹನ್ನೊಂದು ದಿನ ಅಲ್ಲ, ಹನ್ನೊಂದು ನಿಮಿಷ ಕಾಯೋ ಹಂಗಿಲ್ಲ ಇದು. ವಾಸನೆ ಬರ್ತಿದೆ ನನಗೆ."

"ಅದು ಬೇವಿನ ಹಿಂಡಿ ವಾಸನೆ."

ಡಾಕ್ಟರು ಅವ್ವನ ಕಡೆ ನೋಡಿದರು. ಅವ್ವ ನನ್ನ ಕಡೆ ನೋಡಿದಳು. ಬಗ್ಗಿ ಲೇಸು ಎಳೆದಿದ್ದರೆ ಮುಗಿಯುತ್ತಿತ್ತು. ನಾನು ಬಗ್ಗಲಿಲ್ಲ. ಐವತ್ತನಾಲ್ಕು ವರ್ಷದವನಿಗೆ ಯಾರು ಹೇಳಬೇಕು ಎಂಬ ಸಿಟ್ಟು ನನ್ನಲ್ಲಿತ್ತು, ಅವನು ತಪ್ಪೆಂದು ಊರ ಮುಂದೆ ಸಾಬೀತಾಗಲಿ ಎಂಬ ಆಸೆಯೂ ಸ್ವಲ್ಪ ಇತ್ತು. ಅಪ್ಪ ಎದ್ದು, ಸೈನಿಕನಂತೆ ತಿರುಗಿ, ಹೊರಟು ಹೋದ.

ಕ್ರೀಡಾದಿನ ಮೈದಾನ ತುಂಬಿತ್ತು. ಸಂಕಲ್ಪ ಸರ್ ಮುಖ್ಯ ಅತಿಥಿ. ಪಥಸಂಚಲನಕ್ಕೆ ಮುಂಚೆ ಹೆಡ್ಮಾಸ್ಟರು ಎಲ್ಲರ ಎದುರು ಅಪ್ಪನ ಹಿಂದೆ ಬಗ್ಗಿ ನೋಡಿ, "ಶೂನ್ಯ ಅಡಿ!" ಎಂದು ಮೈಕಿನಲ್ಲಿ ಸಾರಿದರು. ಬ್ಯಾಂಡು ಶುರುವಾಯಿತು. ಅಪ್ಪ ಧ್ವಜ ಎತ್ತಿ ಹೊರಟ. ಅವನು ಚೆನ್ನಾಗಿ ನಡೆಯುತ್ತಿದ್ದ, ಅದನ್ನು ಹೇಳಬೇಕು. ಮೊಣಕಾಲು ಒಮ್ಮೆಯೂ ಮಡಚಲಿಲ್ಲ. ಎದೆ ಮುಂದೆ, ಗದ್ದ ಮೇಲೆ, ಎಡಗಾಲು ನೆಲಕ್ಕೆ ಬಿದ್ದಾಗಲೆಲ್ಲ ಸದ್ದಾಗುವಂತೆ.

ಎರಡನೆಯ ಸುತ್ತಿನಲ್ಲಿ ಅವನು ನಾವು ಕೂತಿದ್ದ ಕಡೆ ಹಾದು ಹೋದ. ಸುಣ್ಣದ ಗೆರೆಯ ಮೇಲೆ ಅವನ ಎಡ ಶೂ ಬಿದ್ದ ಕಡೆಯೆಲ್ಲ ಒದ್ದೆಯ ಗುರುತು ಮೂಡಿತ್ತು, ಕಂದು ಬಣ್ಣದ್ದು. ಆ ಗುರುತುಗಳಿಗೆ ಇರುವೆ ಮುತ್ತುತ್ತಿತ್ತು. ಮೈದಾನದ ನಾಲ್ಕೂ ಅಂಚಿನಿಂದ, ಸಾಲಿಲ್ಲದೆ, ಕ್ರಮವಿಲ್ಲದೆ ಬಂದು, ಒಂದೊಂದು ಹೆಜ್ಜೆಯನ್ನೂ ಕಪ್ಪಗೆ ಮುಚ್ಚಿದವು. ಶೂವಿನ ಹತ್ತಿರ ಮಾತ್ರ ಒಂದೂ ಹೋಗಲಿಲ್ಲ. ಚಪ್ಪಾಳೆ ತಟ್ಟುತ್ತಿದ್ದ ಜನ ಹಾಗೇ ತಟ್ಟುತ್ತಿದ್ದರು. ನನ್ನ ಪಕ್ಕದವನು, "ಯಾರೋ ಬೆಲ್ಲದ ನೀರು ಚೆಲ್ಯಾರೆ ನೋಡು" ಅಂದ.

ಅವ್ವ ಎದ್ದಳು. ಹಗ್ಗದ ಕೆಳಗೆ ನುಸುಳಿ, ಬ್ಯಾಂಡಿನ ನಡುವೆ ಹಾದು ಹೋಗಿ, ಆರುನೂರು ಮಕ್ಕಳ ಮುಂದೆ ಅಪ್ಪನ ಕಾಲು ಹಿಡಿದು ಕೂತುಬಿಟ್ಟಳು. ನಾನು ಓಡಿ ಹೋಗುವಷ್ಟರಲ್ಲಿ ಲೇಸನ್ನು ಹಲ್ಲಿನಿಂದ ಕಚ್ಚಿ ಹರಿದಿದ್ದಳು.

"ಲೇ, ಎದ್ದೇಳೇ! ಏನ್ ಮಾಡ್ತಿದೀಯ, ಮರ್ಯಾದೆ ಕಳೀತೀಯಾ?" ಎಂದು ಅಪ್ಪ ಧ್ವಜ ಬಿಡದೆ ಕೂಗಿದ.

ಶೂ ಕಳಚಿದಾಗ ಹೆಡ್ಮಾಸ್ಟರು ಮೂಗಿಗೆ ಕರವಸ್ತ್ರ ಒತ್ತಿಕೊಂಡರು. ಬಾಯಿ ಬಿಚ್ಚಿದ ಪಿನ್ನು ಹೆಬ್ಬೆರಳಿನ ಬುಡದಲ್ಲಿ ಪೂರ್ತಿ ಒಳಗೆ ಹೋಗಿ, ತಲೆ ಮಾತ್ರ ಹೊರಗಿತ್ತು. ಸುತ್ತಲೂ ಮಾಂಸ ಹಸಿರು ಮಿಶ್ರಿತ ಕಪ್ಪಾಗಿತ್ತು. ಅಪ್ಪ ಬಗ್ಗಿ ಅದನ್ನು ಬೇರೆ ಯಾರದೋ ಕಾಲಿನಂತೆ ನೋಡಿದ.

"ಇದು ಯಾವಾಗ ಹೋಯ್ತು?" ಎಂದು ಕೇಳಿದ. ಆಮೇಲೆ ಸುತ್ತಲಿದ್ದವರಿಗೆ, ಸ್ವಲ್ಪ ಹೆಮ್ಮೆಯಿಂದಲೇ, "ನೋವೇನಿಲ್ಲ ಬಿಡ್ರಿ. ಒಂಚೂರೂ ನೋವಿಲ್ಲ. ಇನ್ನೊಂದು ಸುತ್ತು ಐತೆ" ಅಂದ.

ವೇದಿಕೆಯ ಮೇಲಿಂದ ಸಂಕಲ್ಪ ಸರ್ ಮೈಕಿನಲ್ಲಿ, "ನೋಡಿ! ಮನಸ್ಸು ಗೆದ್ದವನಿಗೆ ನೋವಿಲ್ಲ!" ಅಂದರು. ಹಿಂದಿನ ಸಾಲುಗಳಲ್ಲಿ ಕೆಲವರು ಚಪ್ಪಾಳೆ ತಟ್ಟಿದರು.

ಡಾಕ್ಟರ್ ನಸೀಮಾ ಆಂಬುಲೆನ್ಸಿನಲ್ಲಿ ನಮ್ಮ ಜೊತೆಗೇ ದೊಡ್ಡಾಸ್ಪತ್ರೆಗೆ ಬಂದರು. ಅಲ್ಲಿಯ ಡಾಕ್ಟರುಗಳು ಮೊದಲು ಬೆರಳುಗಳನ್ನು ತೆಗೆದರೆ ಸಾಕು ಅಂದರು, ಆಮೇಲೆ ಪಾದ ಅಂದರು, ನಾಲ್ಕನೆಯ ದಿನ ಮೊಣಕಾಲಿನ ಕೆಳಗೆ ಕತ್ತರಿಸಿದರು. ಎಚ್ಚರವಾದ ಮೇಲೆ ಅಪ್ಪ ಕೇಳಿದ ಮೊದಲ ಮಾತು, ಧ್ವಜ ಯಾರ ಕೈಗೆ ಕೊಟ್ಟರು ಎಂದು. ಡ್ರಾಯಿಂಗ್ ಮಾಸ್ತರಿಗೆ ಎಂದು ನಾನು ಹೇಳಿದೆ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಮೈಲಕ್ಕ ಎರಡು ಬಸ್ಸು ಬದಲಿಸಿ ರಾಗಿ ಅಂಬಲಿ ತಂದಿದ್ದಳು. ಬುದ್ಧಿ ಹೇಳಲಿಲ್ಲ. "ಉಪ್ಪು ಕಮ್ಮಿ ಹಾಕೀನಿ ಮೇಷ್ಟ್ರೇ, ಕುಡೀರಿ" ಅಂದಳು. ಅವ್ವ ಮಾತ್ರೆ ಬಿಡಿಸಿ ಅಪ್ಪನ ಬಾಯಿಗೆ ತಾನೇ ಹಾಕಿ, ನುಂಗಿದನೋ ಇಲ್ಲವೋ ಎಂದು ದವಡೆ ಹಿಡಿದು ನೋಡಿದಳು.

ನಾವು ಊರಿಗೆ ಮರಳಿದಾಗ ಕಲ್ಯಾಣ ಮಂಟಪದ ಮುಂದೆ ಒಂದು ದೊಡ್ಡ ಫಲಕ ನಿಲ್ಲಿಸಿದ್ದರು. ಶಿಬಿರದಲ್ಲಿ ಯಾರು ಎಷ್ಟು ತೂಕ ಇಳಿಸಿದರು ಎಂಬ ಪಟ್ಟಿ ಅದು. ಅಪ್ಪನ ಹೆಸರು ಎಲ್ಲರಿಗಿಂತ ಮೇಲಿತ್ತು: ಹದಿನೇಳು ಕಿಲೋ. ಅವ್ವ ಲೆಕ್ಕ ಹಾಕಿ, ಕ್ರೀಡಾದಿನದ ಹೊತ್ತಿಗೆ ಇಳಿದಿದ್ದು ಹದಿಮೂರೇ ಎಂದಳು. ಉಳಿದ ನಾಲ್ಕು ಎಲ್ಲಿಂದ ಬಂತೆಂದು ನಾವಿಬ್ಬರೂ ಸ್ವಲ್ಪ ಹೊತ್ತು ಆ ಫಲಕದ ಮುಂದೆ ನಿಂತು ಯೋಚಿಸಿದೆವು. ಆಮೇಲೆ ಹೊಳೆಯಿತು. ಕಾಲನ್ನೂ ಸೇರಿಸಿದ್ದರು.

ಸಂಕಲ್ಪ ಸರ್ ಬೇರೆ ಊರಿಗೆ ಹೋದರು. ಯಾರೂ ಓಡಿಸಲಿಲ್ಲ, ಹಾರ ಹಾಕಿ ಬಸ್ಸು ಹತ್ತಿಸಿದರು. ಕಹಿ ಪಟ್ಟಿಗಳ ವಾಸನೆ ಇಳಿಯುತ್ತಿದ್ದಂತೆ ಒಬ್ಬೊಬ್ಬರ ಹಿಂದೆಯೂ ಇರುವೆಗಳು ಮರಳಿದವು, ಮೊದಲಿಗಿಂತ ಉದ್ದವಾಗಿ. ಡಾಕ್ಟರ್ ನಸೀಮಾ ಮನೆಮನೆಗೂ ಹೋಗಿ ಚಪ್ಪಲಿ ಬಿಚ್ಚಿಸಿ ನೋಡುವಾಗ ಬರೆದುಕೊಳ್ಳಲು ನಾನು ಜೊತೆಗೆ ಹೋದೆ. ಕೆಲವರು ಬಾಗಿಲು ತೆಗೆಯಲಿಲ್ಲ. ತೆಗೆದವರ ಮನೆಗಳಲ್ಲಿ ಆ ವರ್ಷ ಹೋದದ್ದು ಹತ್ತೊಂಬತ್ತು ಬೆರಳು, ಮೂರು ಪಾದ, ಒಂದು ಕಾಲು.